ಒಂದು ಲಕ್ಷ ಮೈಲಿ ಮುಟ್ಟದೆ ಬಿಟ್ಟ ಪ್ಲಗ್

ಇವತ್ತಿನ ಎಪಿಸೋಡ್‌ನಲ್ಲಿ ರಾಜರಿಲ್ಲ, ಯುದ್ಧ ಇಲ್ಲ. ಅಂಗೈಯಲ್ಲಿ ಹಿಡಿಯೋ ಒಂದು ಸಾಮಾನಿನ ಚರಿತ್ರೆ ಇದೆ. ಸ್ಪಾರ್ಕ್ ಪ್ಲಗ್.

2008ರಲ್ಲಿ ಅಮೆರಿಕದ ಫೋರ್ಡ್ ಕಂಪನಿ ತನ್ನ ಡೀಲರ್‌ಗಳಿಗೆ ಒಂದು ತಾಂತ್ರಿಕ ಸೂಚನೆ ಕಳಿಸಿತು. ಅದರ ನಂಬರು 08-7-6. ಹೊಸ ಎಂಜಿನ್ ಬಗ್ಗೆ ಅಲ್ಲ, ಬ್ರೇಕ್ ಬಗ್ಗೆ ಅಲ್ಲ. ಸ್ಪಾರ್ಕ್ ಪ್ಲಗ್ ಬಿಚ್ಚೋದು ಹೇಗೆ ಅನ್ನೋದರ ಬಗ್ಗೆ. ಎಷ್ಟು ತಿರುಗಿಸಬೇಕು, ಎಲ್ಲಿ ನಿಲ್ಲಿಸಬೇಕು, ಯಾವ ದ್ರಾವಣ ಎಷ್ಟು ಹಾಕಬೇಕು, ಎಷ್ಟು ನಿಮಿಷ ಕಾಯಬೇಕು, ಮುರಿದರೆ ಏನು ಮಾಡಬೇಕು, ಎಲ್ಲವೂ ಅದರಲ್ಲಿತ್ತು. ಓದುತ್ತಾ ಹೋದರೆ ಇದು ಗ್ಯಾರೇಜಿನ ಕಾಗದವೋ ಆಪರೇಷನ್ ಥಿಯೇಟರಿನ ಕಾಗದವೋ ಅನ್ನಿಸುತ್ತೆ.

ತಮಾಷೆ ಏನು ಗೊತ್ತಾ? ಅದಕ್ಕೂ ನೂರು ವರ್ಷ ಮೊದಲು, 1908ರಲ್ಲಿ, ಇದೇ ಫೋರ್ಡ್ ಕಂಪನಿ ಮಾಡೆಲ್ ಟಿ ಅನ್ನೋ ಕಾರು ತಂದಿತ್ತು. ಅದರ ಪ್ಲಗ್ಗನ್ನು ಹೊಲದ ಬದುವಿನಲ್ಲಿ ನಿಂತು ರೈತರೇ ಬಿಚ್ಚಿ ಹಾಕ್ತಿದ್ದರು. ಹಾಗಾದ್ರೆ ಆ ನೂರು ವರ್ಷದಲ್ಲಿ ಏನಾಯ್ತು? ಅದೇ ಇವತ್ತಿನ ಕಥೆ.

ಮೊದಲು ಒಂದು ಸಣ್ಣ ವಿಷಯ. ನಮ್ಮಲ್ಲಿ ದೊಡ್ಡ ಗಾಡಿ ಅಂದ್ರೆ ಲಾರಿ, ಬಸ್ಸು. ಬಹುಪಾಲು ಡೀಸೆಲ್. ಡೀಸೆಲ್ ಎಂಜಿನ್‌ಗೆ ಸ್ಪಾರ್ಕ್ ಪ್ಲಗ್ಗೇ ಬೇಡ, ಗಾಳಿಯನ್ನು ಜೋರಾಗಿ ಒತ್ತಿದರೆ ಆ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳುತ್ತೆ. ಅಮೆರಿಕದಲ್ಲಿ ಲೆಕ್ಕ ಬೇರೆ. ಅಲ್ಲಿ ಬಡಗಿ, ಪ್ಲಂಬರ್, ರೈತ ಎಲ್ಲರೂ ಓಡಿಸೋ ಪಿಕಪ್ ಟ್ರಕ್ಕುಗಳಲ್ಲಿ ಹೆಚ್ಚಿನವು ಪೆಟ್ರೋಲ್ ಗಾಡಿಗಳು. ಎಂಟು ಸಿಲಿಂಡರ್ ಇದ್ರೆ ಎಂಟು ಪ್ಲಗ್. ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣಕ್ಕೆ ಕಿಡಿ ಹಚ್ಚೋದಷ್ಟೇ ಅದರ ಕೆಲಸ. ಆದರೆ ಆ ಕಿಡಿಗೆ ಸಾವಿರಾರು ವೋಲ್ಟ್ ಬೇಕು, ಅದೂ ಬೆಂಕಿ ಮತ್ತು ಒತ್ತಡದ ನಡುವೆ, ನಿಮಿಷಕ್ಕೆ ಸಾವಿರ ಸಲಕ್ಕೂ ಹೆಚ್ಚು.

ಇಂಥ ಪ್ಲಗ್ ಅಂಗಡಿಯಲ್ಲಿ ಸಿಗೋ ಸರಕಾಗಿದ್ದು 20ನೇ ಶತಮಾನದ ಶುರುವಿನಲ್ಲಿ. ಜರ್ಮನಿಯಲ್ಲಿ ರಾಬರ್ಟ್ ಬಾಷ್ ಅವರ ಕಾರ್ಖಾನೆಯಲ್ಲಿ ಗಾಟ್‌ಲೋಬ್ ಹೋನೊಲ್ಡ್ ಅನ್ನೋ ಎಂಜಿನಿಯರ್ ಹೈ ವೋಲ್ಟೇಜ್ ಮ್ಯಾಗ್ನೆಟೋ ಮತ್ತು ಅದಕ್ಕೆ ಹೊಂದೋ ಪ್ಲಗ್ ಎರಡನ್ನೂ ಸೇರಿಸಿ ರೂಪಿಸಿದರು. ಅದಕ್ಕೆ 1902ರಲ್ಲಿ ಪೇಟೆಂಟ್ ಬಂತು. ಈ ಕಂಪನಿಯ ಹೆಸರು ಬೆಂಗಳೂರಿನವರಿಗೆ ಹೊಸದಲ್ಲ. ಆಡುಗೋಡಿಯ ಮೈಕೋ ಕಾರ್ಖಾನೆ ಅಂದ್ರೆ ಬಾಷ್‌ನದೇ, 1951ರಲ್ಲಿ ಶುರುವಾಗಿದ್ದು. ನಮ್ಮ ಅಪ್ಪಂದಿರ ಕಾಲದಲ್ಲಿ ಪ್ಲಗ್ ಅಂದ್ರೆ ಮೈಕೋ ಪ್ಲಗ್. ಮೈಕೋ ಲೇಔಟ್ ಅಂತ ಒಂದು ಬಡಾವಣೆಯೇ ಇದೆಯಲ್ಲ, ಹೆಸರಿನ ಮೂಲ ಅದೇ.

ಅಮೆರಿಕಕ್ಕೆ ಈ ವ್ಯಾಪಾರ ತಂದವರಲ್ಲಿ ಒಬ್ಬ ಆಲ್ಬರ್ಟ್ ಚಾಂಪಿಯನ್. ಫ್ರೆಂಚ್ ಸೈಕಲ್ ಓಟಗಾರ, 1899ರ ಪ್ಯಾರಿಸ್–ರೂಬೆ ಓಟ ಗೆದ್ದವನು. ಬಾಸ್ಟನ್‌ನಲ್ಲಿ ತನ್ನ ಹೆಸರಲ್ಲೇ ಪ್ಲಗ್ ಕಂಪನಿ ಶುರು ಮಾಡಿದ. ಆಮೇಲೆ ಪಾಲುದಾರರಿಂದ ಬೇರೆಯಾದ. ಆದರೆ ಚಾಂಪಿಯನ್ ಅನ್ನೋ ಹೆಸರು ಅವರ ಹತ್ತಿರವೇ ಉಳೀತು! ತನ್ನ ಹೆಸರನ್ನೇ ಬಳಸೋ ಹಾಗಿಲ್ಲದ ಇವನು ಹೊಸ ಪ್ಲಗ್ಗಿಗೆ ತನ್ನ ಇನಿಶಿಯಲ್ ಇಟ್ಟ: ಎಸಿ. ಆ ಎಸಿ ಮುಂದೆ ಜನರಲ್ ಮೋಟಾರ್ಸ್‌ನ ಪ್ಲಗ್ ಆಯ್ತು, ಚಾಂಪಿಯನ್ ಕಂಪನಿ ಫೋರ್ಡ್‌ಗೆ ಪ್ಲಗ್ ಮಾರಿತು. ಇವನೊಬ್ಬನ ಮೇಲೇ ಒಂದು ಎಪಿಸೋಡ್ ಮಾಡಬಹುದು. ಇರಲಿ.

ನಮಗೆ ಬೇಕಾಗಿರೋದು ಆ ಚಾಂಪಿಯನ್ ಕಂಪನಿ ಮಾಡೆಲ್ ಟಿಗೆ ಕೊಟ್ಟ ಪ್ಲಗ್. ಅದರ ಹೆಸರು ಚಾಂಪಿಯನ್ ಎಕ್ಸ್. ಅದು ಎರಡು ತುಂಡಿನ ಪ್ಲಗ್. ಹೊರಗೆ ಲೋಹದ ಕವಚ, ಒಳಗೆ ಪಿಂಗಾಣಿ, ಎರಡನ್ನೂ ಹಿಡಿದಿಡೋದಕ್ಕೆ ಒಂದು ನಟ್. ಆ ನಟ್ ಬಿಚ್ಚಿದರೆ ಪಿಂಗಾಣಿ ಕೈಗೆ ಬರುತ್ತಿತ್ತು. ಮಸಿ ಒರೆಸಿ, ಮತ್ತೆ ಜೋಡಿಸಿ, ಎಂಜಿನ್‌ಗೆ ಹಾಕೋದು. ಪಿಂಗಾಣಿ ಸೀಳಿದ್ದರೆ ಅದೊಂದನ್ನೇ ಬದಲಾಯಿಸಬಹುದಿತ್ತು. ಯಾಕೆ ಇಷ್ಟು ಅನುಕೂಲ ಅಂದ್ರೆ, ಮಾಡೆಲ್ ಟಿಯಲ್ಲಿ ಆಯಿಲ್ ಪಂಪ್ ಇರಲಿಲ್ಲ. ಆಯಿಲ್ ಚಿಮ್ಮಿ ಚಿಮ್ಮಿ ಎಲ್ಲ ಕಡೆ ಹೋಗ್ತಿತ್ತು, ಸಿಲಿಂಡರ್‌ಗೂ ಹೋಗಿ ಉರಿದು ಪ್ಲಗ್ ಮೇಲೆ ಕಪ್ಪು ಕಟ್ಟುತ್ತಿತ್ತು. ಪ್ಲಗ್ ಕೊಳೆಯಾಗೋದು ಖಚಿತ ಅಂತ ಮಾಡಿದವನಿಗೂ ಗೊತ್ತಿತ್ತು, ಕೊಂಡವನಿಗೂ ಗೊತ್ತಿತ್ತು. ಅದಕ್ಕೇ ನಾಲ್ಕೂ ಪ್ಲಗ್ಗು ಎಂಜಿನ್ ತಲೆಯ ಮೇಲೆ, ಬಾನೆಟ್ ಎತ್ತಿದರೆ ಕಣ್ಣೆದುರಿಗೆ.

ಈ 'ಎರಡು ತುಂಡು' ಅನ್ನೋ ಮಾತು ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತೆ.

ಆಮೇಲೆ ಸೀಸದ ಕಾಲ. 1921ರಲ್ಲಿ ಜನರಲ್ ಮೋಟಾರ್ಸ್ ಪ್ರಯೋಗಾಲಯದ ಥಾಮಸ್ ಮಿಜ್ಲಿ ಪೆಟ್ರೋಲ್‌ಗೆ ಸೀಸದ ಸಂಯುಕ್ತ ಸೇರಿಸಿದರೆ ಎಂಜಿನ್ ಕುಟ್ಟೋದು ನಿಲ್ಲುತ್ತೆ ಅಂತ ಕಂಡುಕೊಂಡ. 1923ರಲ್ಲಿ ಅದು ಬಂಕಿಗೆ ಬಂತು. ಮನುಷ್ಯರ ಮೈಗೆ ಅದು ಏನು ಮಾಡ್ತು ಅನ್ನೋದು ದೊಡ್ಡ, ಕಹಿಯಾದ ಕಥೆ. ಪ್ಲಗ್ಗಿಗೆ ಏನಾಯ್ತು ಅಂದ್ರೆ, ತುದಿಯಲ್ಲಿ ಸೀಸದ ಲೇಪ ಕಟ್ಟೋಕೆ ಶುರುವಾಯ್ತು. ಸುಮಾರು 10,000 ಮೈಲಿಗೊಮ್ಮೆ ಬದಲಾಯಿಸಿ ಅಂತ ಪ್ಲಗ್ ಕಂಪನಿಗಳು ಜಾಹೀರಾತು ಕೊಟ್ಟವು. ಪೆಟ್ರೋಲ್ ಬಂಕ್‌ಗಳಲ್ಲಿ ಮರಳು ಚಿಮ್ಮಿಸಿ ಪ್ಲಗ್ ತೊಳೆಯೋ ಮೆಷಿನ್ ಇರುತ್ತಿದ್ದವು. ಭಾನುವಾರ ಬೆಳಿಗ್ಗೆ ಮನೆ ಮುಂದೆ ಪ್ಲಗ್ ಬದಲಾಯಿಸೋದು ಒಂದು ಸಾಮಾನ್ಯ ಕೆಲಸ, ಸ್ವಲ್ಪ ಹೆಮ್ಮೆಯ ಕೆಲಸ ಕೂಡ. ನಮ್ಮಲ್ಲೂ ಟೂ ಸ್ಟ್ರೋಕ್ ಸ್ಕೂಟರ್, ಮೈಸೂರಿನ ಯೆಜ್ಡಿ ಇದ್ದ ಮನೆಗಳಲ್ಲಿ ಟೂಲ್ ಬಾಕ್ಸ್‌ನಲ್ಲಿ ಪ್ಲಗ್ ಸ್ಪ್ಯಾನರ್ ಜೊತೆಗೆ ಉಪ್ಪುಕಾಗದದ ತುಂಡೂ ಇರುತ್ತಿತ್ತಲ್ಲ, ಆ ಥರ.

1975ರಿಂದ ಅಮೆರಿಕದ ಹೊಸ ಕಾರುಗಳಿಗೆ ಕೆಟಲಿಟಿಕ್ ಕನ್ವರ್ಟರ್ ಬಂತು. ಸೀಸ ತಾಗಿದರೆ ಅದು ಕೆಡುತ್ತೆ. ಹಾಗಾಗಿ ಸೀಸ ಇಲ್ಲದ ಪೆಟ್ರೋಲ್. ಜೊತೆಗೆ ಎಲೆಕ್ಟ್ರಾನಿಕ್ ಇಗ್ನಿಷನ್, ತುದಿಗೆ ಪ್ಲಾಟಿನಂ. ಪ್ಲಗ್ ಆಯಸ್ಸು ಏರುತ್ತಾ ಹೋಯ್ತು. 1990ರ ದಶಕದ ಹೊತ್ತಿಗೆ ಅಮೆರಿಕದ ಕಂಪನಿಗಳು ಹೆಮ್ಮೆಯಿಂದ ಹೇಳೋಕೆ ಶುರು ಮಾಡಿದವು: ಮೊದಲ ಟ್ಯೂನಪ್ 1,00,000 ಮೈಲಿಗೆ. ಅಂದ್ರೆ ಸುಮಾರು 1,60,000 ಕಿಲೋಮೀಟರ್.

ಇದು ಒಳ್ಳೆಯ ಸುದ್ದಿನೇ. ಅದರಲ್ಲಿ ಎರಡು ಮಾತಿಲ್ಲ. ಆದರೆ ಇಲ್ಲಿ ಒಂದು ಸಣ್ಣ ತಿರುವು ಇದೆ. ವರ್ಷಕ್ಕೊಮ್ಮೆ ಬಿಚ್ಚೋ ವಸ್ತುವನ್ನು ಬಿಚ್ಚೋಕೆ ಸುಲಭವಾಗೋ ಹಾಗೆ ಇಡ್ತಾರೆ. ಹತ್ತು ವರ್ಷಕ್ಕೊಮ್ಮೆ ಬಿಚ್ಚೋ ವಸ್ತುವನ್ನು ಎಲ್ಲಿ ಜಾಗ ಸಿಗುತ್ತೋ ಅಲ್ಲಿ ಇಡ್ತಾರೆ. ಪ್ಲಗ್ ಆಳದ ಬಾವಿಗೆ ಇಳೀತು. ಅದರ ಮೇಲೆ ಇಗ್ನಿಷನ್ ಕಾಯಿಲ್ ಕೂತಿತು, ಕಾಯಿಲ್ ಮೇಲೆ ಪೆಟ್ರೋಲ್ ರೈಲು, ಪೈಪು, ವೈರು. ಹಿಂದಿನ ಸಿಲಿಂಡರ್‌ಗಳು ಗಾಜಿನ ಕೆಳಗಿನ ತಗಡಿನಡಿ ನುಗ್ಗಿದವು. ಕಣ್ಣಿಗೆ ಕಾಣಲ್ಲ, ಕೈ ಅಷ್ಟೇ ಹೋಗುತ್ತೆ.

ಈಗ ಫೋರ್ಡ್‌ನ ಟ್ರೈಟನ್ ಎಂಜಿನ್‌ಗೆ ಬರೋಣ. ಎಫ್ ಸೀರೀಸ್ ಟ್ರಕ್ಕು 1977ರಿಂದ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟ ಆಗೋ ಟ್ರಕ್ಕು. 1997ರ ಮಾಡೆಲ್‌ಗೆ 5.4 ಲೀಟರ್‌ನ ವಿ8 ಎಂಜಿನ್ ಬಂತು, ಸಿಲಿಂಡರಿಗೆ ಎರಡು ವಾಲ್ವ್. ತಲೆ ಭಾಗ ಅಲ್ಯೂಮಿನಿಯಂ. ಪ್ಲಗ್ ಹಿಡಿದುಕೊಳ್ಳೋದಕ್ಕೆ ಆ ಅಲ್ಯೂಮಿನಿಯಂನಲ್ಲಿ ಇದ್ದ ತಿರುಪಿನ ಸುತ್ತು ಸುಮಾರು ನಾಲ್ಕು, ಅಷ್ಟೇ. ಉಕ್ಕಿನ ಪ್ಲಗ್, ಮೆತ್ತನೆಯ ಅಲ್ಯೂಮಿನಿಯಂ, ನಾಲ್ಕು ಸುತ್ತು. ಕೆಲವು ಟ್ರಕ್ಕುಗಳಲ್ಲಿ ಹೈವೇ ಮೇಲೆ ಓಡುತ್ತಿರುವಾಗಲೇ ಪ್ಲಗ್ ಕಿತ್ತುಕೊಂಡು, ಮೇಲಿದ್ದ ಕಾಯಿಲನ್ನೂ ಎತ್ತಿಕೊಂಡು ಗುಂಡಿನ ಹಾಗೆ ಹಾರಿತು. 'ಢಂ' ಅಂತ ಒಂದು ಶಬ್ದ, ಆಮೇಲೆ ಟ್ರಾಕ್ಟರ್ ಥರ ಪಟಪಟ.

ಇದಕ್ಕೆ ಮನೆಯಲ್ಲೇ ಮಾಡೋ ರಿಪೇರಿ ಹುಟ್ಟಿಕೊಂಡಿತು. ಹಾಳಾದ ರಂಧ್ರವನ್ನು ಸ್ವಲ್ಪ ದೊಡ್ಡದು ಮಾಡಿ, ಹೊಸ ತಿರುಪು ಕೊರೆದು, ಒಳಗೆ ತಿರುಪಿರೋ ಒಂದು ಲೋಹದ ಬುಷ್ ಕೂರಿಸೋದು. ಟೈಮ್‌ಸರ್ಟ್ ಅನ್ನೋ ಕಿಟ್ ಇದಕ್ಕೇ ಹೆಸರಾಯ್ತು. ಕೊರೆಯುವಾಗ ಅಲ್ಯೂಮಿನಿಯಂ ಚೂರು ಸಿಲಿಂಡರ್‌ಗೆ ಬೀಳಬಾರದು ಅಂತ ಉಪಕರಣಕ್ಕೆ ದಪ್ಪಗೆ ಗ್ರೀಸ್ ಮೆತ್ತೋದು, ಒಂದೊಂದು ಸುತ್ತಿಗೂ ಹೊರಗೆ ತೆಗೆದು ಒರೆಸೋದು. ಮನೆ ಮುಂದೆ ಟ್ರಕ್ಕು ನಿಲ್ಲಿಸಿ ಎಂಜಿನ್ ತಲೆಯನ್ನೇ ಕೊರೆಯೋ ಧೈರ್ಯ ಎಲ್ಲರಿಗೂ ಬರಲ್ಲ. ಬಂದಿದ್ದು ಬೇರೆ ದಾರಿ ಇಲ್ಲದ್ದಕ್ಕೆ. ಡೀಲರ್ ಹತ್ತಿರ ಹೋದ್ರೆ ತಲೆ ಭಾಗವನ್ನೇ ಬದಲಾಯಿಸಬೇಕು ಅನ್ನೋ ಉತ್ತರ ಸಿಗ್ತಿತ್ತು. ಬುಷ್ ಹಾಕೋ ಈ ಥರದ ರಿಪೇರಿಯನ್ನು ಫೋರ್ಡ್ ತಾನೂ ಒಪ್ಪಿಕೊಂಡಿದ್ದು 2007ರಲ್ಲಿ.

ಹೀಗೆ ಹಾರಿಹೋಗೋ ಪ್ಲಗ್‌ನ ಕಥೆ ಒಂದು. 2004ರಲ್ಲಿ ಬಂದಿದ್ದು ಅದರ ತದ್ವಿರುದ್ಧ: ಹೊರಗೇ ಬರದ ಪ್ಲಗ್.

2004ರ ಎಫ್-150ಗೆ 5.4 ಲೀಟರ್‌ನದೇ ಹೊಸ ರೂಪ ಹಾಕಿದರು. ಸಿಲಿಂಡರಿಗೆ ಮೂರು ವಾಲ್ವ್, 300 ಹಾರ್ಸ್‌ಪವರ್. ಪ್ಲಗ್ಗೂ ಹೊಸದು. ಅದರ ಆಕಾರ ಕಣ್ಣ ಮುಂದೆ ತಂದುಕೊಳ್ಳಿ. ಮಾಮೂಲಿ ಪ್ಲಗ್‌ನಲ್ಲಿ ತಿರುಪು ಕೆಳತುದಿಯ ತನಕ ಇರುತ್ತೆ. ಇದರಲ್ಲಿ ತಿರುಪು ಮೇಲೆಯೇ ಮುಗಿಯುತ್ತೆ. ಅದರ ಕೆಳಗೆ ಉದ್ದನೆಯ, ನುಣ್ಣನೆಯ ಒಂದು ಕೊಳವೆ. ಆ ಕೊಳವೆ ಎಂಜಿನ್ ತಲೆಯಲ್ಲಿರೋ ನುಣ್ಣನೆಯ ರಂಧ್ರದೊಳಗೆ ಇಳಿದು ಉರಿಯೋ ಜಾಗ ಮುಟ್ಟುತ್ತೆ. ಕೊಳವೆಗೂ ರಂಧ್ರದ ಗೋಡೆಗೂ ನಡುವೆ ಕೂದಲೆಳೆಯಷ್ಟು ಸಂದು. ಆ ಸಂದಿಗೆ ವರ್ಷಗಟ್ಟಲೆ ಕಾರ್ಬನ್ ಮಸಿ ಹೋಗಿ ಕೂತು ಸಿಮೆಂಟ್ ಥರ ಗಟ್ಟಿಯಾಗುತ್ತೆ.

ಇನ್ನು ಆ ಕೊಳವೆ ಪ್ಲಗ್‌ನ ಮೈಯ ಜೊತೆ ಒಂದೇ ಲೋಹದಿಂದ ಮಾಡಿದ್ದಲ್ಲ. ಬೇರೆ ತುಂಡು, ಒತ್ತಿ ಮಡಚಿ ಸೇರಿಸಿದ್ದು. ನೆನಪಿದೆಯಲ್ಲ, ಎರಡು ತುಂಡು. ಮಾಡೆಲ್ ಟಿಯಲ್ಲಿ ಎರಡು ತುಂಡು ಮಾಡಿದ್ದು ಮಾಲೀಕ ಬಿಚ್ಚಲಿ ಅಂತ. ಇಲ್ಲಿ ಎರಡು ತುಂಡು ಯಾರೂ ಬಿಚ್ಚಬಾರದ ಕಡೆ ತಾನೇ ಬಿಚ್ಚಿಕೊಳ್ತಿತ್ತು. ಸ್ಪ್ಯಾನರ್ ಹಾಕಿ ತಿರುಗಿಸಿದರೆ ಮೇಲಿನ ತಿರುಪಿನ ಭಾಗ ತಿರುಗುತ್ತೆ, ಕೆಳಗಿನ ಕೊಳವೆ ಮಸಿಯಲ್ಲಿ ಸಿಕ್ಕಿಕೊಂಡು ಅಲುಗಲ್ಲ. ಒಂದು ಕಿರ್ರ್ ಅನ್ನೋ ಶಬ್ದ, ಆಮೇಲೆ ಇದ್ದಕ್ಕಿದ್ದಂತೆ ಸ್ಪ್ಯಾನರ್ ಹಗುರ. ಕೈಗೆ ಬರೋದು ಅರ್ಧ ಪ್ಲಗ್. ಮಿಕ್ಕಿದ್ದು ಬಾವಿಯ ತಳದಲ್ಲಿ. ಕೆಲವು ಸಲ ಪಿಂಗಾಣಿ ಹೊರಗೆ ಬಂದು ಕೊಳವೆ ಮಾತ್ರ ಉಳಿಯುತ್ತೆ. ಕೆಲವು ಸಲ ಪಿಂಗಾಣಿಯೂ ಮುರಿದು ಒಳಗೇ ನಿಲ್ಲುತ್ತೆ. ಆ ಪಿಂಗಾಣಿ ಚೂರು ಸಿಲಿಂಡರ್ ಒಳಗೆ ಬಿದ್ದರೆ ಗೋಡೆ ಗೀರುತ್ತೆ, ಎಂಜಿನ್ನೇ ಹಾಳಾಗಬಹುದು.

ಫೋರ್ಡ್‌ನ ಆ 2008ರ ಸೂಚನೆ ಹುಟ್ಟಿದ್ದು ಈ ಕಾರಣಕ್ಕೆ. ಅದರ ಪ್ರಕಾರ ಎಂಜಿನ್ ಪೂರ್ತಿ ತಣ್ಣಗಾಗಿರಬೇಕು. ಏರ್ ಗನ್ ಬಳಸೋ ಹಾಗಿಲ್ಲ, ಕೈಯಲ್ಲೇ ಮಾಡಬೇಕು. ಮೊದಲು ಒಂದು ಸುತ್ತಿನ ಎಂಟನೇ ಒಂದು ಭಾಗ, ಹೆಚ್ಚಂದ್ರೆ ಕಾಲು ಭಾಗ ಸಡಿಲಿಸಿ ನಿಲ್ಲಿಸಬೇಕು. ಆಮೇಲೆ ಬಾವಿಗೆ ಕಾರ್ಬುರೇಟರ್ ಕ್ಲೀನರ್, ಒಂದು ಟೀ ಚಮಚಕ್ಕಿಂತ ಕಡಿಮೆ. ಕನಿಷ್ಠ 15 ನಿಮಿಷ ನೆನೆಯೋಕೆ ಬಿಡಬೇಕು. ದ್ರಾವಣ ನಿಧಾನಕ್ಕೆ ತಿರುಪಿನ ಸಂದಿಯಿಂದ ಇಳಿದು ಮಸಿಯನ್ನು ಮೆತ್ತಗೆ ಮಾಡುತ್ತೆ. ಆಮೇಲೆ ಸ್ವಲ್ಪ ಬಿಗಿ, ಸ್ವಲ್ಪ ಸಡಿಲ, ಮತ್ತೆ ಬಿಗಿ. ಕಿರುಚಾಟ ಜೋರಾದರೆ ನಿಲ್ಲಿಸಿ ಇನ್ನಷ್ಟು ನೆನೆಸಿ. ಹೀಗೆ ಎಂಟು ಸಲ.

ಗಮನಿಸಿ, ಎಲ್ಲೂ ಬಲ ಹಾಕಿ ಅಂತ ಇಲ್ಲ. ತಾಳ್ಮೆ ಅನ್ನೋದನ್ನೇ ಟೂಲ್ ಥರ ಬಳಸೋ ಕೆಲಸ ಇದು. ಗ್ಯಾರೇಜಿನಲ್ಲಿ ಗಂಟೆಗೆ ಇಷ್ಟು ಅಂತ ಕೂಲಿ. ಮನೆಯಲ್ಲಿ ಮಾಡೋನಿಗೆ ಸಮಯ ಪುಕ್ಕಟೆ. ಹಿಂದಿನ ರಾತ್ರಿಯೇ ನೆನೆಸಿಟ್ಟು ಮಲಗಿ, ಬೆಳಿಗ್ಗೆ ಕಾಫಿ ಕುಡಿದು ಶುರು ಮಾಡಿದವರಿಗೆ ಅವಸರದ ಮೆಕ್ಯಾನಿಕ್‌ಗಿಂತ ಒಳ್ಳೆಯ ಫಲ ಸಿಕ್ಕಿದ್ದರೆ ನನಗೇನೂ ಆಶ್ಚರ್ಯ ಇಲ್ಲ. ಎಂಜಿನ್ ಬಿಸಿಯಿದ್ದಾಗಲೇ ಬಿಚ್ಚಬೇಕು ಅನ್ನೋ ಪಂಗಡವೂ ಇತ್ತು, ಏರ್ ಗನ್ನೇ ಸರಿ ಅನ್ನೋ ಪಂಗಡವೂ ಇತ್ತು. 2005ರಲ್ಲಿ ಯೂಟ್ಯೂಬ್ ಬಂದ ಮೇಲೆ ಈ ಜಗಳ ವಿಡಿಯೋಗೂ ಬಂತು. ಕ್ಯಾಮೆರಾ ಮುಂದೆ ಒಂದೊಂದೇ ಪ್ಲಗ್ ಬಿಚ್ಚುತ್ತಾ ಕೂತವರ ಮುಖ ನೋಡಿದರೆ ಕ್ರಿಕೆಟ್ ಮ್ಯಾಚಿನ ಕೊನೆ ಓವರ್ ನೋಡಿದ ಹಾಗೆ.

ಮುರಿದರೆ? ಅದಕ್ಕೂ ಒಂದು ಸಾಧನ ಬಂತು. ಅಯೋವಾ ರಾಜ್ಯದ ಕ್ಲಾರಿಂಡಾ ಅನ್ನೋ ಸಣ್ಣ ಊರಿನ ಲೈಲ್ ಕಂಪನಿ 65600 ನಂಬರಿನ ಒಂದು ಸಾಧನ ಮಾಡಿತು. ಅದರ ಕೆಲಸ ಈ ಒಂದೇ ಜಾತಿಯ ಎಂಜಿನ್‌ನಲ್ಲಿ ಮುರಿದ ಪ್ಲಗ್ ತೆಗೆಯೋದು, ಇನ್ನೇನೂ ಇಲ್ಲ. ಮೊದಲು ಒಂದು ಸರಳು ಹಾಕಿ ಒಳಗೆ ಉಳಿದ ಪಿಂಗಾಣಿಯನ್ನು ಕೊಳವೆಯಲ್ಲೇ ಸ್ವಲ್ಪ ಕೆಳಗೆ ತಳ್ಳೋದು. ಆಗ ಕೊಳವೆಯ ಮೇಲ್ಭಾಗ ಖಾಲಿಯಾಗುತ್ತೆ. ಅಲ್ಲಿಗೆ ಇನ್ನೊಂದು ಸರಳು ಇಳಿಸಿ ತಿರುಗಿಸಿದರೆ ಅದು ಕೊಳವೆಯ ಒಳಗೋಡೆಗೆ ತಿರುಪು ಕೊರೆದುಕೊಂಡು ಕಚ್ಚಿಕೊಳ್ಳುತ್ತೆ. ಕೊನೆಗೆ ಮೇಲಿನ ನಟ್ ತಿರುಗಿಸಿದರೆ ಕೊಳವೆ ಇಂಚಿಂಚಾಗಿ ಮೇಲೆ ಬರುತ್ತೆ. ಬಾವಿಗೆ ಬಿದ್ದ ಕೊಡ ತೆಗೆಯೋ ಪಾತಾಳಗರಡಿ ನೋಡಿದ್ದೀರಾ? ಅದರ ತಮ್ಮ ಅನ್ನಿ. ಒಂದು ಕಂಪನಿಯ ಒಂದು ಎಂಜಿನ್‌ನ ಒಂದು ತೊಂದರೆಗಾಗಿ ಬೇರೆ ಕಂಪನಿ ಒಂದು ಟೂಲ್ ತಯಾರಿಸಿ ಅಂಗಡಿಯಲ್ಲಿ ಇಟ್ಟು ಮಾರೋ ಮಟ್ಟಕ್ಕೆ ವಿಷಯ ಹೋಗಿತ್ತು ಅಂದ್ರೆ ತೊಂದರೆ ಎಷ್ಟು ಜನಕ್ಕೆ ಇತ್ತು ಅಂತ ನೀವೇ ಲೆಕ್ಕ ಹಾಕಿ.

ಲೆಕ್ಕ ಅಂದಾಗ, ಬಿ.ಕಾಂ. ಓದಿದ ಅಭ್ಯಾಸ, ದುಡ್ಡಿನ ದಾರಿ ಹಿಡಿದು ಹೋಗೋಣ. 2004ರ ಎಫ್-150ಗೆ ವಾರಂಟಿ 3 ವರ್ಷ ಅಥವಾ 36,000 ಮೈಲಿ. ಪ್ಲಗ್ ಬದಲಾಯಿಸಬೇಕಾಗಿದ್ದು 1,00,000 ಮೈಲಿಗೆ. ಹೊಸ ಟ್ರಕ್ಕು ಕೊಂಡವನು ನಾಲ್ಕೈದು ವರ್ಷ ಓಡಿಸಿ ಮಾರಿಬಿಟ್ಟರೆ ಪ್ಲಗ್ ಅನ್ನೋದು ಇದೆ ಅಂತಲೂ ಅವನಿಗೆ ಗೊತ್ತಾಗಲ್ಲ. ಅವನ ಪುಸ್ತಕದಲ್ಲಿ ನಿರ್ವಹಣಾ ವೆಚ್ಚ ಕಡಿಮೆ, ಟ್ರಕ್ಕು ಚಿನ್ನ. ಸವಕಳಿ ಕಳೆದು ಅದು ಎರಡನೇ, ಮೂರನೇ ಕೈಗೆ ಬರುತ್ತೆ. ಹೊಸದು ಕೊಳ್ಳೋಕೆ ಆಗದವನ ಕೈಗೆ. ವಾರಂಟಿ ಮುಗಿದಿದೆ, ಮೀಟರ್ 1,00,000 ಹತ್ತಿರ ಇದೆ, ಎಂಟೂ ಪ್ಲಗ್ಗು ಕಾರ್ಖಾನೆಯಲ್ಲಿ ಹಾಕಿದ್ದು, ಒಂದೂ ಅಲುಗಿಲ್ಲ. ಖರ್ಚು ಮಾಯವಾಗಲಿಲ್ಲ, ಹೆಗಲು ಬದಲಾಯಿಸಿತು ಅಷ್ಟೇ. ಅದಕ್ಕೇ ಈ ಕೆಲಸ ಮನೆ ಮುಂದೆ, ತಗಡಿನ ಶೆಡ್‌ನಲ್ಲಿ, ಸ್ವಂತ ಕೈಯಲ್ಲಿ ಅಷ್ಟೊಂದು ನಡೆದಿದ್ದು ಅಂತ ನನಗೆ ಅನ್ನಿಸುತ್ತೆ. ಹವ್ಯಾಸಕ್ಕೆ ಮಾಡಿದವರಿಗಿಂತ ಸೋಮವಾರ ಬೆಳಿಗ್ಗೆ ಅದೇ ಟ್ರಕ್ಕಿನಲ್ಲಿ ಕೆಲಸಕ್ಕೆ ಹೋಗಬೇಕಾದವರೇ ಇದರಲ್ಲಿ ಹೆಚ್ಚು ಸಿಕ್ಕಿಕೊಂಡರು.

ವಿಷಯ ಕೋರ್ಟಿಗೂ ಹೋಯ್ತು. ಬೇರೆ ಬೇರೆ ರಾಜ್ಯಗಳ ಮಾಲೀಕರು ಫೋರ್ಡ್ ಮೇಲೆ ಹಾಕಿದ ಕೇಸುಗಳನ್ನು 2012ರಲ್ಲಿ ಓಹಿಯೋದ ಫೆಡರಲ್ ಕೋರ್ಟಿನಲ್ಲಿ ಒಟ್ಟು ಸೇರಿಸಿದರು. ಕೊನೆಗೆ ರಾಜಿಯಲ್ಲಿ ಮುಗೀತು. ಎಂಜಿನ್ ವಿನ್ಯಾಸವನ್ನಂತೂ ಫೋರ್ಡ್ ಅಷ್ಟರಲ್ಲಾಗಲೇ ತಿದ್ದಿತ್ತು. 2008ರ ಮಾಡೆಲ್‌ಗಳ ಹೊತ್ತಿಗೆ ತಲೆ ಭಾಗ ಮತ್ತು ಪ್ಲಗ್ ಎರಡೂ ಬದಲಾದವು. 2011ರ ಎಫ್-150ಗೆ ಬೇರೆ ಎಂಜಿನ್‌ಗಳು ಬಂದವು. ಎಕ್ಸ್‌ಪೆಡಿಷನ್ ಅನ್ನೋ ದೊಡ್ಡ ಎಸ್‌ಯುವಿಯಲ್ಲಿ ಈ 5.4 ಲೀಟರ್ 2014ರ ತನಕ ಉಳೀತು.

ಹಳೆಯ ಎಂಜಿನ್ ಇದ್ದವರಿಗೆ ಪರಿಹಾರ ಬಂದಿದ್ದು ಎಲ್ಲಿಂದ ಗೊತ್ತಾ? ಅದೇ ಚಾಂಪಿಯನ್‌ನಿಂದ. ಸೈಕಲ್ ಓಟಗಾರನ ಹೆಸರು ಇಟ್ಟುಕೊಂಡ ಬ್ರ್ಯಾಂಡ್, ಮಾಡೆಲ್ ಟಿಗೆ ಎರಡು ತುಂಡಿನ ಪ್ಲಗ್ ಕೊಟ್ಟ ಬ್ರ್ಯಾಂಡ್, ಈಗ ಟ್ರೈಟನ್‌ಗೆ ಒಂದೇ ತುಂಡಿನ ಪ್ಲಗ್ ತಂದಿತು. ಕೊಳವೆಯೂ ಮೈಯೂ ಒಂದೇ ಲೋಹ, ಮಸಿಯಲ್ಲಿ ಸಿಕ್ಕಿಕೊಂಡರೂ ಬೇರೆಯಾಗೋ ಜೋಡಣೆಯೇ ಇಲ್ಲ. ಹಾಕುವಾಗ ಕೊಳವೆಗೆ ನಿಕಲ್ ಇರೋ ಆಂಟಿ ಸೀಜ್ ಪೇಸ್ಟ್ ತೆಳ್ಳಗೆ ಸವರೋದು ರೂಢಿ. ಕಿಡಿ ಹಾರೋ ತುದಿಗೆ ಮಾತ್ರ ತಾಗಬಾರದು. ಹಲವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, 1,00,000 ಮೈಲಿ ಕಾಯದೆ ನಡುವೆಯೇ ಒಮ್ಮೆ ಬಿಚ್ಚಿ ಹಾಕೋಕೆ ಶುರು ಮಾಡಿದರು, ಅವರ ಅಜ್ಜಂದಿರು ಮಾಡ್ತಿದ್ದ ಹಾಗೆ.

ಇವತ್ತಿಗೂ ಅಮೆರಿಕದಲ್ಲಿ ಆ ವರ್ಷಗಳ ಸೆಕೆಂಡ್ ಹ್ಯಾಂಡ್ 5.4 ಕೊಳ್ಳೋಕೆ ಹೋದ ತಿಳಿದವರು ಬಣ್ಣ, ಟೈರು ನೋಡೋದು ಆಮೇಲೆ. ಮೊದಲು ಕೇಳೋದು, ಪ್ಲಗ್ ಬದಲಾಯಿಸಿದ್ದೀರಾ, ಯಾವುದು ಹಾಕಿದ್ದೀರಾ, ಬಿಚ್ಚುವಾಗ ಎಷ್ಟು ಮುರಿದವು ಅಂತ.

ಮುಂದಿನ ವಾರ ಸಿಗೋಣ.